ಮಂಗ್ಳಿ ಹೇಳಿದ ಡಿಸ್ಕೋ ಪಿಚ್ಚರ್

ಆಗೆಲ್ಲ ನಮ್ಮ ಸೊಕ್ಕೆಯಲ್ಲಿ ಬಿತ್ತನೆ ಶೇಂಗಾ ಸುಲಿಯುವ ಕಾಲ ಬಂತೆಂದರೆ ಯಾರ ಬಾಯನ್ನೂ ಖಾಲಿ ಬಿಡುತ್ತಿರಲಿಲ್ಲ. ಬೇಸಿಗೆ ರಜೆ ಅರ್ಧ ಕಳೆದಿರುತ್ತಿತ್ತು. ಮಳೆ ಬೀಳುವುದರೊಳಗೆ ಬೀಜ ಸಿದ್ಧವಾಗಬೇಕು. ಮಿಷನ್ನಿಗೆ ಹಾಕಿದರೆ ಬೀಜ ಹೋಳಾಗುತ್ತದೆ, ಹೋಳಾದದ್ದು ಮೊಳೆಯುವುದಿಲ್ಲ ಎಂದು ಮೂಟೆಗಟ್ಟಲೆ ಕಾಯಿಯನ್ನು ಕೈಯಲ್ಲೇ ಸುಲಿಯಬೇಕಿತ್ತು. ಹಿಂದಿನ ದಿನವೇ ಕಾಯಿಗೆ ನೀರು ಚಿಮುಕಿಸಿ ಮೇಲೆ ಗೋಣಿಚೀಲ ಮುಚ್ಚಿಡುತ್ತಿದ್ದರು. ಬೆಳಿಗ್ಗೆ ಆ ಚೀಲ ಎತ್ತಿದಾಗ ನೆನೆದ ಕೆಮ್ಮಣ್ಣು, ಹಳೇ ಗೋಣಿ, ಶೇಂಗಾ ಎಲ್ಲ ಸೇರಿ ಏಳುತ್ತಿದ್ದ ವಾಸನೆ ನಮಗೆ ರಜೆಯ ವಾಸನೆಯೇ ಆಗಿತ್ತು.

ಕೇರಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ಬಂದು ಕೂರುತ್ತಿದ್ದರು. ನಮ್ಮಜ್ಜಿಗೆ ಇದ್ದದ್ದು ಒಂದೇ ಭಯ: ಸುಲಿಯುವವರು ಸುಲಿಯುತ್ತಾ ಸುಲಿಯುತ್ತಾ ಬೀಜ ಬಾಯಿಗೆ ಹಾಕಿಕೊಂಡುಬಿಟ್ಟರೆ? ಬೇಡ ಎನ್ನಲು ದಾಕ್ಷಿಣ್ಯ, ಸುಮ್ಮನಿರಲು ಸಂಕಟ. ಅದಕ್ಕೆ ಅಜ್ಜಿ ಕಂಡುಕೊಂಡ ಉಪಾಯವೆಂದರೆ ಕತೆ. ಕತೆ ಕೇಳುವವರು ಬಾಯಿ ತೆರೆದುಕೊಂಡು ಕೂರುತ್ತಾರೆಯೇ ಹೊರತು ಅದಕ್ಕೆ ಏನನ್ನೂ ಹಾಕಿಕೊಳ್ಳಬೇಕೆಂಬುದು ಅವರಿಗೆ ನೆನಪಾಗುವುದಿಲ್ಲ. ಕತೆ ಚೆನ್ನಾಗಿದ್ದಷ್ಟೂ ಬೀಜ ಉಳಿಯುತ್ತದೆ ಎಂಬುದು ಅಜ್ಜಿಯ ಲೆಕ್ಕ.

ಆ ಕತೆಯ ಜವಾಬ್ದಾರಿ ನನ್ನದಾಗಿತ್ತು. ಜಗಳೂರಿನಿಂದ ಚಿಕ್ಕಪ್ಪ ತರುತ್ತಿದ್ದ ವಾರಪತ್ರಿಕೆಯ ಧಾರಾವಾಹಿಯನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಕೇರಿಯಲ್ಲಿ ಅಷ್ಟು ಸರಾಗವಾಗಿ ಓದಲು ಬರುತ್ತಿದ್ದ ಹುಡುಗಿ ನಾನೊಬ್ಬಳೇ. ಅಜ್ಜಿಯ ಮಗ್ಗುಲಲ್ಲಿ, ಕಂಬಕ್ಕೆ ಒರಗಿಕೊಂಡು ಕೂರುವ ಜಾಗ ನನ್ನದು. ನಡುನಡುವೆ ಗಂಟಲು ಒಣಗಬಾರದೆಂದು ಮಜ್ಜಿಗೆ, ಮುಗಿದ ಮೇಲೆ ಬೆಲ್ಲದ ಉಂಡೆ. "ಸುಮ್ನೆ ಕುಂತ್ರೆ ತಿಂದ್‌ಬಿಡ್ತಾರೆ ಕಣೇ, ಏನಾರ ಓದು" ಎಂದು ಅಜ್ಜಿ ನನ್ನ ಕಿವಿಯಲ್ಲಿ ಹೇಳುತ್ತಿದ್ದುದು ನನಗೆ ದೊಡ್ಡ ಪದವಿಯಂತೆ ಕೇಳುತ್ತಿತ್ತು. ಆದರೂ ನಾನು ಆ ವಯಸ್ಸಿಗೇ ಚಿಂತೆ ಮಾಡುವುದರಲ್ಲಿ ಪಳಗಿದ್ದೆ. ಪತ್ರಿಕೆ ಬರದಿದ್ದರೆ? ನನಗೆ ನೆಗಡಿಯಾದರೆ? ಇನ್ಯಾರಿಗಾದರೂ ಓದಲು ಬಂದುಬಿಟ್ಟರೆ? ಎಲ್ಲಕ್ಕೂ ಮುಂಚಿತವಾಗಿಯೇ ಹೆದರಿಟ್ಟುಕೊಂಡಿದ್ದೆ. ಆದರೆ ಓದಲು ಪುಸ್ತಕವೇ ಬೇಡದವಳೊಬ್ಬಳು ಬರುತ್ತಾಳೆಂದು ಮಾತ್ರ ಹೊಳೆದಿರಲಿಲ್ಲ.

ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಅವಳು ಬಂದಳು. ಸರ್ವಮಂಗಳಾ, ನ್ಯಾಮತಿಯಲ್ಲಿದ್ದ ನನ್ನ ಸೋದರತ್ತೆಯ ಮಗಳು. ಎಲ್ಲರ ಬಾಯಲ್ಲೂ ಮಂಗ್ಳಿ. ನನಗಿಂತ ಕೆಲವೇ ತಿಂಗಳು ದೊಡ್ಡವಳು. ಅಕ್ಕ ಎಂದು ಕರೆಯಬೇಕೆಂದು ಮನೆಯಲ್ಲಿ ಹೇಳುತ್ತಿದ್ದರು, ನಾನು ಕರೆದದ್ದು ನೆನಪಿಲ್ಲ. ಮಾವನದು ಬಟ್ಟೆ ಅಂಗಡಿ. ಹಾಗಾಗಿ ಅವಳ ಲಂಗಕ್ಕೆ ನಮ್ಮ ಕಡೆ ಯಾರೂ ನೋಡದ ಬಣ್ಣಗಳಿರುತ್ತಿದ್ದವು. ಆ ಸಲ ಬಸ್ಸಿಳಿದಾಗ ಅವಳ ಹಣೆಯ ಸುತ್ತ ಬಿಳಿ ಬಟ್ಟೆಯ ಪಟ್ಟಿಯೊಂದು ಬಿಗಿದಿತ್ತು.

ಅಜ್ಜಿ ಗಾಬರಿಯಾದಳು. "ಅಯ್ಯೋ ನನ ಕೂಸೇ, ತಲೆನೋವೇನವ್ವಾ?"

"ತಲೆನೋವಲ್ಲ ಅಜ್ಜಿ, ಡಿಸ್ಕೋ!" ಎಂದಳು ಮಂಗ್ಳಿ.

ಹೊನ್ನಾಳಿಯ ಟೆಂಟ್ ಟಾಕೀಸಿಗೆ ಡಿಸ್ಕೋ ಪಿಚ್ಚರೊಂದು ಬಂದಿತ್ತಂತೆ. ಹಿಂದಿ ಪಿಚ್ಚರ್. ಇಡೀ ತಾಲ್ಲೂಕೇ ಹುಚ್ಚೆದ್ದಿತ್ತಂತೆ. ಇವಳು ಒಮ್ಮೆ ಅಪ್ಪನ ಜೊತೆ, ಒಮ್ಮೆ ಪಕ್ಕದ ಮನೆಯವರ ಜೊತೆ, ಆಮೇಲೆ ಇನ್ನಾರದೋ ಜೊತೆ ಹೋಗಿ ನೋಡಿಬಂದಿದ್ದಳು. ನಮ್ಮೂರಲ್ಲಿ ಡಿಸ್ಕೋ ಎಂಬ ಪದ ಆಗಲೇ ಬಂದಿತ್ತು; ದರ್ಜಿ ಅಂಗಡಿಯಲ್ಲಿ ಡಿಸ್ಕೋ ಕಾಲರ್, ಬಳೆಗಾರನ ಹತ್ತಿರ ಡಿಸ್ಕೋ ಬಳೆ ಇದ್ದವು. ಆ ಪದದೊಳಗೆ ಏನಿದೆಯೆಂದು ಮಾತ್ರ ಯಾರೂ ಕಂಡಿರಲಿಲ್ಲ.

ಮರುದಿನ ನಾನು ಎಂದಿನಂತೆ ಪತ್ರಿಕೆ ಬಿಡಿಸಿ ಗಂಟಲು ಸರಿಮಾಡಿಕೊಂಡೆ. ಧಾರಾವಾಹಿಯ ನಾಯಕಿ ಮೂರು ವಾರದಿಂದ ಕಿಟಕಿಯ ಬಳಿ ನಿಂತು ಯೋಚಿಸುತ್ತಲೇ ಇದ್ದಳು. ಆ ವಾರವೂ ಅವಳು ಕಿಟಕಿ ಬಿಟ್ಟಿರಲಿಲ್ಲ. ಎದುರಿಗೆ ಕೂತಿದ್ದ ಹಾಲಮ್ಮಕ್ಕ ಆಕಳಿಸಿದಳು. ಹಾಲಮ್ಮಕ್ಕ ನಮ್ಮ ಕೇರಿಯಲ್ಲೇ ಬಿರುಸು ಕೈಯವಳು, ಅದಕ್ಕಿಂತ ಬಿರುಸು ಬಾಯಿಯವಳು. ಅವಳು ಆಕಳಿಸಿದಳೆಂದರೆ ಸಭೆ ಮುಗಿದಂತೆ. ಆಕಳಿಸಿದ ಬಾಯಿಗೇ ಎರಡು ಬೀಜ ಎಸೆದುಕೊಂಡಳು. ಅಜ್ಜಿಯ ಮುಖ ಸಣ್ಣಗಾಯಿತು.

"ನಿಮ್ಮೂರಿನ ಪಿಚ್ಚರ್ ಕತೆ ಹೇಳೇ ಮಂಗ್ಳಿ," ಎಂದಳು ಅಜ್ಜಿ.

ಮಂಗ್ಳಿ ಕೂತು ಹೇಳಲಿಲ್ಲ. ಎದ್ದು ನಿಂತಳು. ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯ ಬೆರಳು ಸೂರಿನ ಕಡೆಗೆ. "ಹುಡುಗ ಬೊಂಬಾಯಿ ಹೋಟ್ಲಾಗೆ ತಟ್ಟೆ ತೊಳೀತಿರ್ತಾನೆ. ತಟ್ಟೆ ತೊಳೀತಾ ತೊಳೀತಾ ಕಾಲು ತಾನೇ ಕುಣಿಯಾಕೆ ಶುರು ಮಾಡ್ತೈತೆ..."

"ಡಿಸ್ಕೋ ಅಂದ್ರೆ ಅದೇ ಏನವ್ವಾ?" ಹಾಲಮ್ಮಕ್ಕ ಕೇಳಿದಳು. "ಮೈಮೇಲೆ ದೇವ್ರು ಬಂದಂಗೆ?"

"ದೇವ್ರು ಬಂದ್ರೆ ಕಣ್ಣು ಮುಚ್ತಾರೆ ಹಾಲಮ್ಮಕ್ಕ. ಇದ್ರಾಗೆ ಕಣ್ಣು ಹೊಡೀತಾರೆ."

ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. "ಏ, ಕಣ್ಣು ಹೊಡೆಯಾದೆಲ್ಲ ಬ್ಯಾಡ, ಮುಂದಕ್ಕೆ ಹೇಳು," ಎಂದು ಗದರಿದ ಅಜ್ಜಿಯೂ ನಗುತ್ತಿದ್ದಳು.

ಹೋಟೆಲಿನ ನೆಲದಲ್ಲೇ ದೀಪಗಳಿರುತ್ತವೆ, ಅವನು ಕಾಲಿಟ್ಟಲ್ಲೆಲ್ಲ ಬೆಳಕು ಹತ್ತುತ್ತದೆ ಎಂದು ಮಂಗ್ಳಿ ಹೇಳಿದಳು. ಯಾರಿಗೂ ಅದು ಕಣ್ಣಿಗೆ ಕಟ್ಟಲಿಲ್ಲ. ಅವಳು ಸುತ್ತ ನೋಡಿದಳು. ಸೂರಿನ ಬೆಳಕಿಂಡಿಯಿಂದ ಬಿಸಿಲಿನ ಕೋಲೊಂದು ಪಡಸಾಲೆಗೆ ಇಳಿದಿತ್ತು. ಓಡಿಹೋಗಿ ಸ್ಟೀಲಿನ ಊಟದ ತಟ್ಟೆ ತಂದವಳೇ ಆ ಕೋಲಿಗೆ ಒಡ್ಡಿದಳು. ಗೋಡೆ, ಗಂಟೆ, ದೇವರ ಪಟ, ಹಾಲಮ್ಮಕ್ಕನ ಮೂಗುತಿ, ಎಲ್ಲದರ ಮೇಲೂ ಬೆಳಕು ಓಡಾಡಿತು.

"ಗೌರಾ, ಈ ತಟ್ಟೆ ಹಿಡಿ. ಹಂಗೇ ಅಲ್ಲಾಡ್ಸುತಿರು. ನಾನು ಕುಣೀತೀನಿ," ಎಂದು ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು.

ನಾನು ಪತ್ರಿಕೆ ಮಡಚಿಟ್ಟು ತಟ್ಟೆ ಹಿಡಿದೆ. ನಿನ್ನೆಯವರೆಗೆ ಕತೆ ಓದುತ್ತಿದ್ದವಳು ಇವತ್ತು ಲೈಟಿನವಳಾಗಿದ್ದೆ. ಅಷ್ಟೂ ಸಾಲದೆಂಬಂತೆ ಹಾಲಮ್ಮಕ್ಕ, "ನೆಟ್ಟಗೆ ಹಿಡಿಯವ್ವಾ, ಬೆಳಕು ಅವಳ ಮ್ಯಾಲೆ ಬೀಳವಲ್ದು," ಎಂದು ನನ್ನನ್ನೇ ತಿದ್ದಿದಳು. ಆ ಹೊತ್ತು ನನ್ನ ಹೊಟ್ಟೆಯಲ್ಲಿ ಎದ್ದದ್ದಕ್ಕೆ ಹೊಟ್ಟೆಕಿಚ್ಚು ಎಂಬ ಹೆಸರಿದೆಯೆಂದು ನನಗೆ ಚೆನ್ನಾಗಿಯೇ ಗೊತ್ತಿತ್ತು, ಧಾರಾವಾಹಿಗಳಲ್ಲಿ ಓದಿದ್ದೆ. ಓದಿದ್ದಕ್ಕಿಂತ ಬಿಸಿಯಾಗಿತ್ತು.

ದಿನವೂ ಕತೆ ಬೆಳೆಯಿತು. ಸುಲಿಯುವ ಸದ್ದೇ ಬದಲಾಯಿತು. ಕುಣಿತ ಬಂದರೆ ಕಾಯಿಗಳು ಚಟಚಟನೆ ಒಡೆಯುತ್ತಿದ್ದವು, ದುಃಖ ಬಂದರೆ ನಿಧಾನ. ಒಂದು ಬೀಜವೂ ಯಾರ ಬಾಯಿಗೂ ಹೋಗುತ್ತಿರಲಿಲ್ಲ. ಅಜ್ಜಿ ಮಂಗ್ಳಿಗೆ ಬೆಲ್ಲದ ಜೊತೆ ತುಪ್ಪವನ್ನೂ ಕೊಡತೊಡಗಿದಳು. ಮಗಳ ಮಗಳು, ಮೇಲಾಗಿ ನೆಂಟಳು. ನಾನು ಮನೆಯವಳು, ನನಗೇಕೆ ತುಪ್ಪ?

ಕಳೆದುಕೊಂಡದ್ದನ್ನು ಮರಳಿ ಪಡೆಯಬೇಕೆಂದು ಹಿತ್ತಲಲ್ಲಿ ನಾನೂ ಕುಣಿತ ಅಭ್ಯಾಸ ಮಾಡಿದೆ. ಒಂದು ಕೈ ಸೊಂಟದ ಮೇಲೆ, ಇನ್ನೊಂದರ ಬೆರಳು ಆಕಾಶಕ್ಕೆ. ಮೊಣಕಾಲು ಒಂದು ದಿಕ್ಕಿಗೆ ಹೋದರೆ ಸೊಂಟ ಇನ್ನೊಂದು ದಿಕ್ಕಿಗೆ ಹೋಗಬೇಕು. ನನ್ನದು ಎರಡೂ ಒಂದೇ ಕಡೆ ಹೋಗಿ ಮುಗ್ಗರಿಸುತ್ತಿದ್ದೆ. ಸಗಣಿ ಬಾಚಲು ಬಂದ ಅಜ್ಜಿ ಕಂಡು ಕೂಗಿದಳು: "ಏನಾತೇ ಗೌರಾ? ಲಂಗದಾಗೆ ಕಟ್ಟಿರುವೆ ಹೊಕ್ತಾ?" ಅಲ್ಲಿಗೆ ನನ್ನ ಡಿಸ್ಕೋ ಮುಗಿಯಿತು.

ಇನ್ನು ನಾನು ಹೇಳಲೇಬೇಕಾದದ್ದು ಕೆಂಪು ಪಟ್ಟಿಯ ವಿಷಯ. ಒಂದು ಮಧ್ಯಾಹ್ನ ಮಂಗ್ಳಿ ಕೊನೆಯ ಪೈಪೋಟಿಯ ಕುಣಿತ ಹೇಳುತ್ತಿದ್ದಳು. ಹೋಟೆಲ್ ಮಾಲೀಕನ ಸೊಕ್ಕಿನ ಮಗ ಒಂದು ಕಡೆ, ನಮ್ಮ ತಟ್ಟೆ ತೊಳೆಯುವ ಹುಡುಗ ಇನ್ನೊಂದು ಕಡೆ. "ಹಣೆಗೆ ಕೆಂಪು ಪಟ್ಟಿ ಕಟ್ಕಂಡು ಬರ್ತಾನೆ ನೋಡ್ರಿ..."

"ತಡಿ ತಡಿ," ಎಂದಳು ಹಾಲಮ್ಮಕ್ಕ. "ಮೊನ್ನೆ ಬಿಳಿ ಪಟ್ಟಿ ಅಂದಿದ್ದೆ. ಈಗ ಕೆಂಪು ಅಂತೀಯ. ಯಾವಾಗ ಕೆಂಪಾತು?"

ನಾನು ತಟ್ಟೆ ಹಿಡಿದು ಮಂಗ್ಳಿಯ ಎದುರಿಗೇ ಇದ್ದೆ. ಅವಳ ಮುಖ ಖಾಲಿಯಾದದ್ದನ್ನು ಕಂಡೆ. ಸಿಕ್ಕಿಬಿದ್ದಳು ಎಂದು ನನ್ನ ಎದೆ ಹಿಗ್ಗಿತು. ಅವಳ ಕಣ್ಣು ಅತ್ತಿತ್ತ ಓಡಿ ಹಾಲಮ್ಮಕ್ಕನ ಹೆಬ್ಬೆರಳಿನ ಮೇಲೆ ನಿಂತಿತು. ಕಾಯಿ ಒಡೆದು ಒಡೆದು ಆ ಬೆರಳು ಸೀಳಿತ್ತು. ಹಾಲಮ್ಮಕ್ಕ ಅದಕ್ಕೆ ಹಳೇ ಸೀರೆಯ ಚೂರು ಸುತ್ತಿಕೊಂಡಿದ್ದಳು. ಚೂರಿನ ಮೇಲೆ ರಕ್ತದ ಕಲೆ ಇತ್ತು.

"ಅವನ ತಾಯಿ," ಎಂದಳು ಮಂಗ್ಳಿ ಮೆಲ್ಲಗೆ, "ಶೇಂಗಾ ಸುಲಿಯಾಕೆ ಹೋಗ್ತಿರ್ತಾಳೆ."

ಪಡಸಾಲೆಯಲ್ಲಿ ಕೈಗಳೆಲ್ಲ ನಿಂತವು.

"ದೊಡ್ಡ ಗೋಡೌನು. ನೂರಾರು ಮಂದಿ ಹೆಂಗಸ್ರು. ಸುಲಿದು ಸುಲಿದು ಅವಳ ಬೆರಳು ಒಡೆದು ರಕ್ತ ಬರ್ತಿರ್ತೈತೆ. ಮಗ ಕುಣಿಯಾಕೆ ಹೋಗೋ ಮುಂಚೆ ಕಾಲಿಗೆ ಬೀಳಾಕೆ ಬರ್ತಾನೆ. ಬೆರಳು ನೋಡ್ತಾನೆ. ಏನೂ ಮಾತಾಡಲ್ಲ. ಹಣೆ ಮ್ಯಾಗಿನ ಬಿಳಿ ಪಟ್ಟಿ ಬಿಚ್ಚಿ ಅವ್ವನ ಬೆರಳಿಗೆ ಕಟ್ತಾನೆ. ಅವಳು, 'ಬ್ಯಾಡಪ್ಪಾ, ನಿನ್ನ ಹಣೆ ಬರಿದಾಗ್ತೈತೆ' ಅಂತ ಬಿಚ್ಚಿ ವಾಪಸ್ ಕೊಡ್ತಾಳೆ. ಅಷ್ಟೊತ್ತಿಗೆ ಅದು ಕೆಂಪಾಗಿರ್ತೈತೆ. ಅದನ್ನೇ ಕಟ್ಕಂಡು ಹೋಗಿ ಕುಣೀತಾನೆ."

ಹಾಲಮ್ಮಕ್ಕ ತನ್ನ ಹೆಬ್ಬೆರಳನ್ನು ಇನ್ನೊಂದು ಕೈಯಿಂದ ಮುಚ್ಚಿಕೊಂಡಳು. ಯಾರೋ ಮೂಗು ಸೀಟಿಕೊಂಡರು. ಅಜ್ಜಿ ಕಣ್ಣೊರೆಸಿಕೊಂಡಳು. ಬೆಳಕು ಗೋಡೆಯ ಮೇಲೆ ನಡುಗುತ್ತಿತ್ತು, ಏಕೆಂದರೆ ತಟ್ಟೆ ಹಿಡಿದಿದ್ದ ನಾನೂ ಅಳುತ್ತಿದ್ದೆ. ಅವಳು ಆ ಕ್ಷಣದಲ್ಲೇ ಹುಟ್ಟಿಸಿದ ಸುಳ್ಳು ಎಂದು ಗೊತ್ತಿದ್ದೂ ಅಳುತ್ತಿದ್ದೆ. ನನ್ನ ಹೊಟ್ಟೆ ಉರಿದದ್ದು ಅದಕ್ಕೇ. ನಾನು ಅಚ್ಚಾದದ್ದನ್ನು ಓದಬಲ್ಲೆ. ಇವಳು ಎದುರಿಗೆ ಕೂತವರ ಕೈ ನೋಡಿ ಓದುತ್ತಿದ್ದಳು.

ಕಣ್ಣೊರೆಸಿಕೊಂಡು ಕೇಳಿಯೇಬಿಟ್ಟೆ: "ಬೊಂಬಾಯಿಯಾಗೆ ಶೇಂಗಾ ಎಲ್ಲಿ ಬೆಳೀತಾರೆ?"

"ಬೊಂಬಾಯಿ ಮಂದಿ ಶೇಂಗಾ ತಿನ್ನಲ್ವೇನೇ?" ಹಾಲಮ್ಮಕ್ಕ ಸಿಡುಕಿದಳು. "ತಿನ್ನಬೇಕಂದ್ರೆ ಯಾರಾರ ಸುಲೀಬೇಕಲ್ಲ. ಸುಮ್ನೆ ತಟ್ಟೆ ಹಿಡಿ."

ಅಂದಿನಿಂದ ನಾನು ಒಂದೇ ಒಂದಕ್ಕಾಗಿ ಕಾದೆ: ಆ ಪಿಚ್ಚರ್ ಜಗಳೂರಿಗೆ ಬರಲಿ. ಎಲ್ಲರೂ ಹೋಗಿ ನೋಡಲಿ. ಶೇಂಗಾದ ಸೀನು ಇಲ್ಲವೆಂಬುದು ಎಲ್ಲರ ಕಣ್ಣಿಗೂ ಬೀಳಲಿ. ಆಮೇಲೆ ಕಂಬದ ಬುಡದ ನನ್ನ ಜಾಗ ನನಗೆ ವಾಪಸ್ ಬರಲಿ. ದೇವರ ಪಟದ ಮುಂದೆ ದಿನವೂ ಇದನ್ನೇ ಕೇಳಿಕೊಂಡೆ. ಗುಡಿಗೆ ಹೂವು ತೆಗೆದುಕೊಂಡು ಹೋಗಿಯೂ ಕೇಳಿಕೊಂಡೆ.

ದೇವರಿಗೆ ಬೇರೆ ಕೆಲಸವಿರಲಿಲ್ಲವೋ ಏನೋ, ಪಿಚ್ಚರ್ ಬಂದೇ ಬಿಟ್ಟಿತು. ಮೈಕು ಕಟ್ಟಿದ ಕಾರು ಊರೊಳಗೆ ಹಾದು ಗುಲಾಬಿ ಬಣ್ಣದ ಕಾಗದ ತೂರಿಹೋಯಿತು. ನಾನು ಕಾಗದ ಹಿಡಿದುಕೊಂಡು ಮಂಗ್ಳಿಯ ಮುಖ ನೋಡಲು ಓಡಿದೆ. ಅವಳು ಕುಂಟೆಬಿಲ್ಲೆ ಆಡುತ್ತಿದ್ದಳು. "ಹೌದಾ? ಚಲೋ ಆತು, ಇನ್ನೊಂದ್ಸಲ ನೋಡಬಹುದು," ಎಂದು ಬಿಲ್ಲೆ ಎಸೆದು ಗೆರೆ ಮೇಲೆ ಕಾಲಿಡದೆ ಕುಂಟಿಕೊಂಡು ಹೋದಳು.

ಹೆದರಬೇಕಾದವಳು ಹೆದರದಿದ್ದರೆ ಹೆದರಿಕೆ ನನಗೆ ಬರುತ್ತದೆ. ಒಂದು ವೇಳೆ ಆ ಸೀನು ನಿಜವಾಗಿಯೂ ಇದ್ದರೆ? ಅವಳು ಹಾಲಮ್ಮಕ್ಕನ ಬೆರಳು ನೋಡಿದ್ದು ಆ ಸೀನು ನೆನಪು ಮಾಡಿಕೊಳ್ಳಲಿಕ್ಕೇ ಇದ್ದಿರಬಹುದಲ್ಲ?

ಚಿಕ್ಕಪ್ಪನ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಹುಲ್ಲು ಹಾಸಿ, ಸುಲಿಯುವ ಹೆಂಗಸರನ್ನೆಲ್ಲ ಕೂರಿಸಿಕೊಂಡು ಮ್ಯಾಟಿನಿಗೆ ಹೊರಟೆವು. ಬುತ್ತಿಯಲ್ಲಿ ಒಗ್ಗರಣೆ ಮಂಡಕ್ಕಿ. ಜಗಳೂರಿನ ಆ ಟಾಕೀಸು ತಗಡಿನದು. ಬೇಸಿಗೆಯ ಮಧ್ಯಾಹ್ನ ಒಳಗೆ ಕೂತರೆ ರೊಟ್ಟಿಯ ಹಂಚಿನ ಮೇಲೆ ಕೂತಂತೆ. ಬಾಗಿಲಿನ ಕಪ್ಪು ಪರದೆ ಗಾಳಿಗೆ ಹಾರಿದಾಗಲೆಲ್ಲ ಬೆಳಕು ನುಗ್ಗಿ, "ಏಯ್ ಪರದೆ!" ಎಂದು ಎಲ್ಲರೂ ಕೂಗುತ್ತಿದ್ದರು. ಹೆಂಗಸರ ಕಡೆಯ ಬೆಂಚಿನಲ್ಲಿ ನನ್ನ ಒಂದು ಮಗ್ಗುಲಿಗೆ ಮಂಗ್ಳಿ, ಇನ್ನೊಂದು ಮಗ್ಗುಲಿಗೆ ಫಾತಿಮಕ್ಕ. ಫಾತಿಮಕ್ಕ ನಮ್ಮ ಹಿಂದಿನ ಓಣಿಯವಳು, ಮನೆಮಾತು ಉರ್ದು. ನಮ್ಮ ಗುಂಪಿನಲ್ಲಿ ಹಿಂದಿ ತಿಳಿಯುವವಳು ಅವಳೊಬ್ಬಳೇ. ಸಾಕ್ಷಿಗೆ ಬೇಕಾಗುತ್ತದೆಂದು ನಾನೇ ಅವಳ ಪಕ್ಕ ನುಗ್ಗಿ ಕೂತಿದ್ದೆ.

ಪಿಚ್ಚರ್ ಶುರುವಾಯಿತು. ಹುಡುಗ ಬಂದ. ತಟ್ಟೆ ತೊಳೆದ. ಕಾಲು ಕುಣಿಯಿತು. ನೆಲದಲ್ಲಿ ದೀಪ ಹತ್ತಿದವು, ಕೆಂಪು, ಹಸಿರು, ಹಳದಿ. ಇಡೀ ಟಾಕೀಸಿನ ತಗಡು ಡೋಲಿನಂತೆ ಅದುರಿತು. ಗಂಡಸರ ಕಡೆಯಿಂದ ಪೇಟ, ಟವೆಲ್ಲು ಮೇಲೆ ಹಾರಿದವು. ಆ ಹಾಡು ನಡೆದಷ್ಟು ಹೊತ್ತು ನನಗೆ ಯಾರ ಮೇಲೂ ಹೊಟ್ಟೆಕಿಚ್ಚು ಇರಲಿಲ್ಲ. ಸೆಕೆ ಇರಲಿಲ್ಲ, ಚಿಂತೆ ಇರಲಿಲ್ಲ. ಬೆಂಚಿನ ಕೆಳಗೆ ನನ್ನ ಎರಡು ಕಾಲೂ ತಮ್ಮಷ್ಟಕ್ಕೆ ಅಲ್ಲಾಡುತ್ತಿದ್ದವು, ಅದೂ ಸರಿಯಾದ ದಿಕ್ಕುಗಳಿಗೆ. ಅಷ್ಟು ಹಗುರವಾಗಿ ನಾನು ಬಾಲ್ಯದಲ್ಲಿ ಇನ್ನೆಂದೂ ಇದ್ದಂತೆ ನೆನಪಿಲ್ಲ. ಆ ಪಿಚ್ಚರಿನ ಹೆಸರು ಕೇಳಿದರೆ ಈಗಲೂ ಮೊದಲು ನೆನಪಾಗುವುದು ಆ ಕಾಲುಗಳೇ.

ಹಾಡು ಮುಗಿಯಿತು, ನಾನು ಮತ್ತೆ ನಾನಾದೆ. ತಾಯಿಗಾಗಿ ಕಾದೆ. ತಾಯಿ ಬಂದಳು, ದೊಡ್ಡ ಮನೆಯೊಂದರಲ್ಲಿ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ಮಗನನ್ನು ತಬ್ಬಿಕೊಂಡಳು. ಹೋದಳು. ಹುಡುಗನ ಹಣೆಯ ಮೇಲೆ ಬಿಳಿ ಪಟ್ಟಿ. ಮಾಲೀಕನ ಮಗನ ಸೊಕ್ಕು, ಹೊಡೆದಾಟ, ಮತ್ತೆ ಹಾಡು. ಆಮೇಲೆ ಕೊನೆಯ ಪೈಪೋಟಿ. ಹುಡುಗ ಬಂದ, ಹಣೆಗೆ ಕೆಂಪು ಪಟ್ಟಿ. ಗೆದ್ದ. ಸಭೆಯ ನಡುವಿದ್ದ ತಾಯಿಯ ಕಡೆ ಓಡಿ "ಮಾ" ಎಂದು ಅವಳ ಎರಡೂ ಕೈ ಹಿಡಿದು ಅತ್ತ. ಮುಗಿಯಿತು. ಗೋಡೌನು ಇಲ್ಲ, ಶೇಂಗಾ ಇಲ್ಲ, ಬೆರಳು ಇಲ್ಲ. ನಾನು ಗೆದ್ದಿದ್ದೆ.

ದೀಪ ಹತ್ತಿದರೂ ನಮ್ಮವರು ಏಳಲಿಲ್ಲ. "ಏಳ್ರಮ್ಮಾ, ಮುಗೀತು," ಎಂದು ಗೇಟಿನವನು ಕೂಗಿದ.

"ಎಲ್ಲಿ ಮುಗೀತು?" ಹಾಲಮ್ಮಕ್ಕ ಎದ್ದು ನಿಂತಳು. "ಶೇಂಗಾದ್ ಸೀನು ಎಲ್ಲಿ?"

"ಯಾವ ಶೇಂಗಾ?"

"ಏನೂ ಗೊತ್ತಿಲ್ದಂಗೆ ಕೇಳ್ತಾನೆ ನೋಡ್ರೇ! ತಾಯಿ ಶೇಂಗಾ ಸುಲಿಯೋ ಸೀನು. ಕತ್ತರ್ಸಿದೀರಿ ನೀವು. ಕರಿ ನಿಮ್ಮ ಮ್ಯಾನೇಜರನ್ನ."

ಇಲ್ಲಿ ಈಗಿನವರಿಗೆ ಒಂದು ಮಾತು ಹೇಳಬೇಕು. ಆಗಿನ ಟಾಕೀಸಿನವರು ಮುಂದಿನ ಆಟಕ್ಕೆ ಹೊತ್ತಾಯಿತೆಂದು ನಡುವೆ ಒಂದೆರಡು ಹಾಡು, ಒಂದು ಅಳುವ ಸೀನು ನುಂಗುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ಬೇರೆ ಊರಲ್ಲಿ ನೋಡಿಬಂದವರು ಇಲ್ಲಿ ನೋಡಿ, ಇದಿಲ್ಲ ಅದಿಲ್ಲ ಎಂದು ಜಗಳಕ್ಕೆ ನಿಲ್ಲುವುದೂ ಇದ್ದದ್ದೇ. ಹಾಗಾಗಿ ನಮ್ಮ ಹೆಂಗಸರಿಗೆ ಎರಡು ದಾರಿಯಿದ್ದವು: ಮಂಗ್ಳಿ ಸುಳ್ಳು ಹೇಳಿದ್ದಾಳೆ, ಇಲ್ಲವೇ ಟಾಕೀಸಿನವನು ಕತ್ತರಿಸಿದ್ದಾನೆ. ಅವರು ಒಂದು ಗಳಿಗೆಯೂ ಯೋಚಿಸಲಿಲ್ಲ.

ಮ್ಯಾನೇಜರು ಬಂದ. ಬೆವರು ಒರೆಸಿಕೊಳ್ಳುತ್ತಿದ್ದ ಬಡಕಲು ಮನುಷ್ಯ. "ನಾನು ಒಂದಿಂಚೂ ಕತ್ತರ್ಸಿಲ್ಲ ತಾಯಿ."

"ಹಂಗಾರೆ ಹೇಳ್ರಿ," ಹಾಲಮ್ಮಕ್ಕ ಸೊಂಟಕ್ಕೆ ಕೈಯಿಟ್ಟಳು. "ಮೊದ್ಲು ಬಿಳಿ ಪಟ್ಟಿ ಇತ್ತು. ಕೊನೇಗೆ ಕೆಂಪು ಪಟ್ಟಿ. ನಡುವೆ ಹೆಂಗೆ ಕೆಂಪಾತು? ಎಲ್ಲಿ ತೋರ್ಸಿದ್ರಿ?"

ಅಷ್ಟು ಸಲ ಓಡಿಸಿದ ಪಿಚ್ಚರಿನಲ್ಲಿ ಪಟ್ಟಿಯ ಬಣ್ಣ ಬದಲಾದದ್ದನ್ನು ಮ್ಯಾನೇಜರು ನೋಡಿಯೇ ಇರಲಿಲ್ಲವೆಂದು ಅವನ ಮುಖವೇ ಹೇಳುತ್ತಿತ್ತು. ಗಂಡಸರ ಕಡೆಯವರೂ ಬಂದು ಸುತ್ತುಗಟ್ಟಿದರು. "ಹೌದಲ್ಲ, ಹೆಂಗೆ ಕೆಂಪಾತು?" ಎಂದು ಯಾರೋ ದನಿಗೂಡಿಸಿದರು. ಹೊರಗೆ ಮುಂದಿನ ಆಟದವರು ಗೇಟು ಬಡಿಯುತ್ತಿದ್ದರು. ಮ್ಯಾನೇಜರು ಅತ್ತ ನೋಡಿದ, ಇತ್ತ ನೋಡಿದ.

"ಪ್ರಿಂಟು ನಮ್ಮ ಕೈಗೆ ಬರೋವಾಗ್ಲೇ ಕಟ್ಟಾಗಿತ್ತಮ್ಮಾ. ಹೊನ್ನಾಳಿಯಾಗೆ ಆ ಸೀನು ಬಹಳ ಓಡ್ಸಿ ಓಡ್ಸಿ ಸವೆದು ಹೋಗೈತಂತೆ."

"ಹೌದ್ರೀ," ಎಂದಳು ಮಂಗ್ಳಿ ತಣ್ಣಗೆ, ಗುಂಪಿನ ನಡುವಿನಿಂದ. "ನಾವು ನೋಡೋವಾಗ ಮಸುಕು ಮಸುಕಾಗೇ ಇತ್ತು."

ನನಗೆ ತಗಡು ಕಳಚಿ ತಲೆಯ ಮೇಲೆ ಬಿದ್ದಂತಾಯಿತು.

ಟ್ರೇಲರಿನಲ್ಲಿ ವಾಪಸ್ ಬರುವಾಗ ತಡೆಯಲಾಗಲಿಲ್ಲ. "ಆ ಸೀನು ಇಲ್ಲವೇ ಇಲ್ಲ. ಇವಳು ಕಟ್ಟಿ ಹೇಳಿದ್ದು," ಎಂದು ಕೂಗಿದೆ. ಟ್ರ್ಯಾಕ್ಟರಿನ ಸದ್ದಿಗೆ ಮೊದಲ ಸಲ ಯಾರಿಗೂ ಕೇಳಲಿಲ್ಲ. ಎರಡನೇ ಸಲ ಕೇಳಿತು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಫಾತಿಮಕ್ಕನ ಸೆರಗು ಹಿಡಿದೆ. "ನೀವೇ ಹೇಳ್ರಿ ಫಾತಿಮಕ್ಕ, ನಿಮಗೆ ಹಿಂದಿ ಬರ್ತೈತಲ್ಲ. ಶೇಂಗಾದ ಮಾತು ಎಲ್ಲಾದ್ರೂ ಬಂತಾ?"

ಫಾತಿಮಕ್ಕ ಬಾಯಲ್ಲಿದ್ದ ಮಂಡಕ್ಕಿಯನ್ನು ಅಗಿದು ನುಂಗಿದಳು. ನ್ಯಾಯವಾದ ಹೆಂಗಸು, ಸುಮ್ಮಸುಮ್ಮನೆ ಮಾತಾಡುವವಳಲ್ಲ. "ಮಾತು ಬರ್ಲಿಲ್ಲ ಬೇಟಾ," ಎಂದಳು. ನನ್ನ ಜೀವ ಮೇಲೆದ್ದಿತು. "ಆದ್ರೆ ಕೊನೇಗೆ ಆ ಹುಡುಗ ತಾಯಿ ಕೈ ಹಿಡ್ಕಂಡು ಅತ್ನಲ್ಲ, ಮುಖ ನೋಡ್ದೆ ಕೈನೇ ನೋಡ್ತಾ ಅತ್ತ. ಸುಮ್ನೆ ಯಾರಾರ ಕೈ ನೋಡಿ ಅಳ್ತಾರಾ? ಆ ಸೀನು ಇರ್ಲೇಬೇಕು."

"ಅಲ್ವಾ ಮತ್ತೆ!" ಎಂದಿತು ಇಡೀ ಟ್ರೇಲರು.

ಮರುದಿನ ಬೆಳಿಗ್ಗೆ ಬಚ್ಚಲ ಒಲೆಗೆ ಶೇಂಗಾ ಸಿಪ್ಪೆ ತುಂಬುತ್ತಿದ್ದಾಗ ಮಂಗ್ಳಿ ಒಬ್ಬಳೇ ಸಿಕ್ಕಳು. "ನಿಜ ಹೇಳೇ. ಆ ಸೀನು ನೀನೇ ಮಾಡಿದ್ದಲ್ವಾ?"

ಅವಳು ಒಲೆ ಊದಿದಳು. ಹೊಗೆಗೆ ಕಣ್ಣು ಕೆಂಪಗಿತ್ತು. "ಹಂಗಾರೆ ನೀನ್ಯಾಕೆ ಅತ್ತೆ ಅವತ್ತು?" ಎಂದಳು.



ಪಿಚ್ಚರ್ ನೋಡಿದ ಮೇಲೆ ಕತೆ ಬೇಡವಾಗುತ್ತದೆಂದುಕೊಂಡಿದ್ದೆ. ತಿರುಗಾಮುರುಗಾ ಆಯಿತು. ಬೀಜ ಮುಗಿಯುವವರೆಗೂ ಅದೇ ಕತೆಯನ್ನು ಮತ್ತೆ ಮತ್ತೆ ಹೇಳಿಸಿದರು. ಟಾಕೀಸಿನದು ಅರೆಬರೆ, ಮಂಗ್ಳಿಯದು ಪೂರ್ತಿ. ಅವಳು ನ್ಯಾಮತಿಗೆ ಹೋದ ಮೇಲೆ ಕಂಬದ ಬುಡದ ಜಾಗ ನನಗೆ ಬಂತು. ಧಾರಾವಾಹಿ ಓದಿದೆ. ಎಲ್ಲರೂ ಒಳ್ಳೆಯ ಮನಸ್ಸಿನಿಂದ ಕೇಳಿದರು, ಧಾರಾಳವಾಗಿ ಬೀಜವನ್ನೂ ತಿಂದರು. ಆ ಪಿಚ್ಚರ್ ಆಮೇಲೂ ವರ್ಷ ಬಿಟ್ಟು ವರ್ಷ ಜಗಳೂರಿಗೆ ಬರುತ್ತಿತ್ತು. ಪ್ರತಿ ಸಲವೂ ನಮ್ಮೂರಿನವರು ಗೇಟಿನಲ್ಲಿ ಕೇಳುತ್ತಿದ್ದರು: "ಶೇಂಗಾದ್ ಸೀನು ಬಂದೈತೇನ್ರಿ ಈ ಸಲ?" ಇಲ್ಲವೆಂದರೂ ಟಿಕೆಟ್ ತೆಗೆದುಕೊಂಡು ಒಳಗೆ ಹೋಗುತ್ತಿದ್ದರು.

ಮೊನ್ನೆ ಚನ್ನಗಿರಿಯಲ್ಲಿ ಮಂಗ್ಳಿಯ ಮಗನ ಮದುವೆ. ಅವಳು ಮದುವೆಯಾಗಿ ಸೇರಿದ್ದು ಚನ್ನಗಿರಿಯ ಮನೆಗೆ. ಆರತಕ್ಷತೆಯಲ್ಲಿ ಆ ಪಿಚ್ಚರಿನ ಹಳೇ ಹಾಡು ಹಾಕಿದರು. ಹಾಕದೆ ಯಾವ ಮದುವೆ ಮುಗಿಯುತ್ತದೆ? ಮೊದಲ ತಾಳಕ್ಕೇ ನಮ್ಮ ವಯಸ್ಸಿನವರೆಲ್ಲ ಎದ್ದುಬಿಟ್ಟರು, ಮಂಡಿಗೆ ಬೆಲ್ಟು ಕಟ್ಟಿಕೊಂಡವರೂ. ಮಂಗ್ಳಿ ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದು ಬೆರಳನ್ನು ಮೇಲಕ್ಕೆ ತೋರಿಸಿದಳು. ಸೊಂಟ ಒಂದು ಕಡೆ, ಮೊಣಕಾಲು ಇನ್ನೊಂದು ಕಡೆ, ಈಗಲೂ. ನಾನು ಬಿಪಿ ಮಾತ್ರೆ ಮರೆತುಬಂದೆನೇನೋ ಎಂದು ವ್ಯಾನಿಟಿ ಬ್ಯಾಗು ತಡಕುತ್ತಾ ಕುರ್ಚಿಯಲ್ಲೇ ಉಳಿದೆ. ಹೊಟ್ಟೆಯಲ್ಲಿ ಅದೇ ಹಳೇ ಬಿಸಿ.

ಆಮೇಲೆ ಅವಳು ಏದುಸಿರು ಬಿಡುತ್ತಾ ನನ್ನ ಪಕ್ಕ ಬಂದು ಕೂತಳು. ನೆಂಟರ ಮಕ್ಕಳು ಸುತ್ತ ಸೇರಿದರು. ಅವಳು ಕತೆ ಶುರು ಮಾಡಿದಳು; ತಟ್ಟೆ, ನೆಲದ ದೀಪ, ಬಿಳಿ ಪಟ್ಟಿ. ಶೇಂಗಾದ ಗೋಡೌನಿಗೆ ಬರುವಷ್ಟರಲ್ಲಿ ಒಂದು ಹುಡುಗಿ ಮೊಬೈಲು ತೆಗೆದು, ಬೆರಳಲ್ಲಿ ಸರ್ರನೆ ಎಳೆದು ಹೇಳಿದಳು: "ಪೂರ್ತಿ ಪಿಚ್ಚರ್ ಇಲ್ಲೇ ಇದೆ ಆಂಟಿ. ಆ ಸೀನ್ ಎಲ್ಲೂ ಇಲ್ಲ."

ಮಂಗ್ಳಿ ಆ ಪುಟ್ಟ ಪರದೆಯನ್ನೇ ನೋಡಿದಳು. ಯಾವತ್ತೂ ಮಾತಿಗೆ ತಡವರಿಸದವಳು. "ಇಲ್ವಾ?" ಎಂದಳು ಅಷ್ಟೇ. ಅವಳ ಕಣ್ಣು ಅತ್ತಿತ್ತ ಓಡಲಿಲ್ಲ, ಯಾರ ಕೈಯ ಮೇಲೂ ನಿಲ್ಲಲಿಲ್ಲ. ಎಷ್ಟೋ ವರ್ಷಗಳ ಹಿಂದೆ ನಾನು ದೇವರಲ್ಲಿ ಬೇಡಿಕೊಂಡಿದ್ದ ಗಳಿಗೆ ಅದು.

"ಅದು ಕಟ್ಟಾಗಿರೋ ಪ್ರಿಂಟು ಕಣಮ್ಮಾ," ಎಂದೆ. ಮಾತು ನನ್ನದೇ ಬಾಯಿಂದ ಬಂತು. "ಆ ಸೀನು ನಾನು ನೋಡಿದೀನಿ."

ಮಕ್ಕಳು ನನ್ನ ಕಡೆ ತಿರುಗಿದರು. ಹೇಳತೊಡಗಿದೆ. ಗೋಡೌನು, ಹೆಂಗಸರು, ಒಡೆದ ಬೆರಳು. ಅಷ್ಟರಲ್ಲಿ ಐಸ್‌ಕ್ರೀಮ್ ಬಂತೆಂದು ಯಾರೋ ಕೂಗಿದರು, ಮಕ್ಕಳೆಲ್ಲ ಓಡಿದರು. ಅವರದು ತಪ್ಪಲ್ಲ. ಈಗ ಪಿಚ್ಚರುಗಳು ಒಂದಿಂಚೂ ಕಟ್ಟಾಗದೆ ಎಲ್ಲರ ಜೇಬಿನಲ್ಲೂ ಇವೆ. ಕಟ್ಟಾಗದ ಪಿಚ್ಚರಿನೊಳಗೆ ಇನ್ನೊಬ್ಬರು ನುಗ್ಗಲು ಸಂದಿಯೇ ಇಲ್ಲ. ಒಂದು ಇಡೀ ಕೇರಿ ಕೈಕೆಲಸ ನಿಲ್ಲಿಸಿ ಒಬ್ಬ ಹುಡುಗಿಯ ಮಾತನ್ನು ಟಾಕೀಸಿಗಿಂತ ಹೆಚ್ಚು ನಂಬುವ ಕಾಲ ಒಂದಿತ್ತು. ಆ ಹುಡುಗಿ ನಾನಾಗಿರಲಿಲ್ಲ ಎಂಬ ಸಂಕಟದಲ್ಲಿ ನಾನು ಆ ಕಾಲವನ್ನೇ ಸರಿಯಾಗಿ ನೋಡಿಕೊಳ್ಳಲಿಲ್ಲ.

ಖಾಲಿ ಕುರ್ಚಿಗಳ ನಡುವೆ ನಾನು ಮಾತು ನಿಲ್ಲಿಸಿದೆ. ಮಂಗ್ಳಿ ಮಾತ್ರ ಎದ್ದಿರಲಿಲ್ಲ. ಮಗನ ಮದುವೆ, ನೂರು ಕೆಲಸ, ಆದರೂ ಗಲ್ಲಕ್ಕೆ ಕೈಯಿಟ್ಟುಕೊಂಡು, ಬಾಯಿ ಸ್ವಲ್ಪ ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಆಮೇಲೆ?" ಎಂದಳು. "ಮಗ ಬಂದ. ಆಮೇಲೆ ಏನಾತೇ ಗೌರಾ?"

ಹೇಳಿದೆ. ಹೇಳುತ್ತಾ ಅವಳ ಮುಖ ನೋಡಿದೆ. ಹಾಳಾದವಳು, ಕೇಳುವುದನ್ನೂ ನನಗಿಂತ ಚೆನ್ನಾಗಿ ಕೇಳುತ್ತಿದ್ದಳು.